ತಲೆ ಬೇಕರಿ ಕಡೆ

ಏಳನೇ ಕ್ಲಾಸಿಗೇ ಶಾಲೆಗೆ ನಮಸ್ಕಾರ ಹೊಡೆದವನು ನಾನು. ಆದರೂ ಕುಮಾರಸ್ವಾಮಿ ಲೇಔಟಿನಲ್ಲಿ ಒಂದು ಬೇಕರಿಗೂ ಒಂದು ಟೈಲರ್ ಅಂಗಡಿಗೂ ನಡುವೆ ಸ್ವಂತ ಜೆರಾಕ್ಸ್ ಅಂಗಡಿ ಇಟ್ಟು, ಕಂಪ್ಯೂಟರನ್ನು ಹೇಳಿದ ಮಾತು ಕೇಳುವಂತೆ ಪಳಗಿಸಿದ್ದೇನೆ. ದಿನಾ ಮಾಡುವ ಕೆಲಸ ಬೆರಳಿಗೇ ಗೊತ್ತು. ಅಪರೂಪದ ಕೆಲಸಕ್ಕೆ ಮಾತ್ರ ಚೀಟಿ ಬರೆದು ಗೋಡೆಗೆ ಅಂಟಿಸಿರುತ್ತೇನೆ. ಸ್ವಚ್ಛ ಕನ್ನಡ. ಯಾರು ಓದಿದರೂ ಅರ್ಥವಾಗಬೇಕು.

ಮೊನ್ನೆ ತ್ಯಾಗರಾಜನಗರದ ಮೇಡಂ ಒಬ್ಬರು ಮಗಳ ಲಗ್ನಪತ್ರಿಕೆ ಅಚ್ಚು ಹಾಕಿಸಲು ಬಂದರು. ಹಾಳೆಯ ಎರಡೂ ಬದಿ ಬರಬೇಕು. ಅರಿಶಿನ ಬಣ್ಣದ ದಪ್ಪ ಹಾಳೆ ನಾಲ್ಕೇ ನಾಲ್ಕು ತಂದಿದ್ದರು.

"ದೇವಸ್ಥಾನದ ಬಾಗಿಲು ಹಾಕೋದ್ರೊಳಗೆ ಒಂದು ಪತ್ರಿಕೆ ದೇವರ ಮುಂದೆ ಇಡ್ಬೇಕು. ಆಗುತ್ತಾ?"

"ಕೂತ್ಕೊಳ್ಳಿ ಮೇಡಂ. ಎರಡು ನಿಮಿಷ."

ಚೀಟಿ ನೋಡಿದೆ. ‘ಕಂಟ್ರೋಲ್ ಒತ್ತಿ ಹಿಡಿದು ಪಿ. ಒಂದನೇ ಪುಟ. ಆಮೇಲೆ ಹಾಳೆ ಮಗುಚಿ, ತಲೆ ಬೇಕರಿ ಕಡೆ ಬರುವಂತೆ ಹಾಕು. ಎರಡನೇ ಪುಟ.’

ಅಕ್ಷರಶಃ ಪಾಲಿಸಿದೆ. ಮುಂದಿನ ಬದಿಯಲ್ಲಿ ಗಣಪತಿ ನೆಟ್ಟಗೆ ಕೂತಿದ್ದ. ಹಿಂದಿನ ಬದಿಯಲ್ಲಿ ವಧೂವರರು ತಲೆಕೆಳಗಾಗಿದ್ದರು.

"ಮದುವೆಗೆ ಮುಂಚೇನೇ ಹೀಗಾ?" ಎಂದರು ಮೇಡಂ.

"ಮಿಷಿನ್ ಬಿಸಿಯಾಗಿದೆ" ಎಂದೆ. ಆರಿಸಿ, ಮತ್ತೆ ಹಚ್ಚಿ, ಇನ್ನೊಂದು ಹಾಳೆ ಹಾಕಿದೆ. ಶೀರ್ಷಾಸನ. ಕೇಬಲ್ ಬದಲಿಸಿ ಮೂರನೆಯದು ಹಾಕಿದೆ. ಅದೂ ಶೀರ್ಷಾಸನವೇ! ಮೇಡಂ ಗಡಿಯಾರ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಉಳಿದಿದ್ದು ಒಂದೇ ಹಾಳೆ.

ಅಷ್ಟರಲ್ಲಿ ಊಟದ ಡಬ್ಬಿ ತಂದ ನನ್ನ ಹೆಂಡತಿ ಚೀಟಿ ಓದಿದಳು.

"ರೀ, ವಾಸ್ತು ಸರಿ ಇಲ್ಲ ಅಂತ ಈ ಮಿಷಿನ್ ಟೇಬಲ್ ಆ ಗೋಡೆಯಿಂದ ಈ ಗೋಡೆಗೆ ತಂದಿದ್ದು ಯಾರು?"

"ನಾನೇ."

"ಚೀಟಿಗೆ ಹೇಳಿದ್ರಾ?"

ಬೇಕರಿ ಪಾಪ ಇದ್ದಲ್ಲೇ ಇತ್ತು. ತಿರುಗಿ ಕೂತಿದ್ದು ಮಿಷಿನ್ನು. ಕೊನೆಯ ಹಾಳೆಯ ತಲೆಯನ್ನು ಆಚೆ ಬದಿಗೆ, ಟೈಲರ್ ಅಂಗಡಿ ಕಡೆಗೆ ಹಾಕಿದೆ. ವಧೂವರರು ನೆಟ್ಟಗೆ ನಿಂತರು. ಮೇಡಂ ಅದನ್ನು ಕಿತ್ತುಕೊಂಡ ಹಾಗೆ ತಗೊಂಡು ಆಟೊ ಹತ್ತಿದರು.

ನಾನು ಸೋಲು ಒಪ್ಪುವ ಆಸಾಮಿಯಲ್ಲ. ಕೂಡಲೇ ಕೆಂಪು ಇಂಕಿನಲ್ಲಿ ಹೊಸ ಚೀಟಿ ಬರೆದೆ: ‘ತಲೆ ಟೈಲರ್ ಕಡೆ.’ ಎರಡೆರಡು ಸಲ ಅಡಿಗೆರೆ ಎಳೆದು ಅಂಟಿಸಿದೆ.

ಹೆಂಡತಿ ಅದನ್ನೂ ಓದಿದಳು. "ಟೈಲರ್ ಈ ತಿಂಗಳು ಅಂಗಡಿ ಖಾಲಿ ಮಾಡ್ತಿದಾರಂತೆ. ಬೋರ್ಡ್ ಇಳಿಸ್ತಾ ಇದ್ರು, ಕಾಣಿಸಲಿಲ್ವಾ?"

ಊಟ ಬಿಟ್ಟು ಓಡಿದೆ. ಏಣಿಯ ಮೇಲಿದ್ದ ಟೈಲರ್‌ಗೆ ಕೆಳಗಿನಿಂದಲೇ ಕೈ ಮುಗಿದೆ.

"ಅಣ್ಣಾ, ಹೋಗ್ಬೇಡಿ. ನೀವು ಹೋದ್ರೆ ನನಗೆ ಪ್ರಿಂಟ್ ಹಾಕೋಕೆ ಬರಲ್ಲ."