ಇಂದುಧರನು ಭೋಜನಶಾಲೆಯಲ್ಲಿ ಕಾದಿದ್ದು

ಕೃತಯುಗದಲ್ಲಿ ಆಡಿದ ಮಾತೇ ಸಾಕ್ಷಿಯಾಗಿತ್ತು. ತ್ರೇತೆಯಲ್ಲಿ ಅದಕ್ಕೆ ಬೆಂಕಿಯ ಸಾಕ್ಷಿ ಬೇಕಾಯಿತು. ದ್ವಾಪರದಲ್ಲಿ ದಾಳ ಉರುಳಿಸಿ ನೋಡಬೇಕಾಯಿತು. ಈ ಕಲಿಯುಗದಲ್ಲೋ, ಯಾವ ಸತ್ಯಕ್ಕೂ ಎರಡು ಪ್ರತಿ ಜೆರಾಕ್ಸ್ ಬೇಕು, ಮೂಲಪ್ರತಿಗೆ ಪ್ಲಾಸ್ಟಿಕ್ ಹೊದಿಕೆ ಬೇಕು. ಅಂಥ ಯುಗದ ನಡುಹಗಲಿನಲ್ಲಿ, ತುಂಗಭದ್ರಾತೀರದ ಹರಿಹರವೆಂಬ ಪುರದಲ್ಲಿ, ಬಸ್ ನಿಲ್ದಾಣದ ಎದುರಿಗಿರುವ ತನ್ನ ಸೋದರಮಾವನ ಜೆರಾಕ್ಸ್ ಅಂಗಡಿಯೆಂಬ ದುರ್ಗವನ್ನು ಕಾಯುತ್ತಾ, ಶಾಯಿಪುಡಿಧೂಸರಿತಹಸ್ತನೂ ನಿರಂತರವಾಗ್ಝರೀಪ್ರವಾಹನೂ ಆದ ಇಂದುಧರನೆಂಬ ವೀರನು ವಾಸವಾಗಿದ್ದನು. ಎಲೈ ವಾಗ್ದೇವಿಯೇ, ಈ ಕಥೆ ಮುಗಿಯುವಷ್ಟು ಹೊತ್ತು ಹೇಳುವವರ ನಾಲಿಗೆಯ ಮೇಲೆ ನಿಲ್ಲು. ಕಥಾನಾಯಕನಿಗೆ ಮಾತ್ರ ಇನ್ನು ಮಾತು ಕೊಡಬೇಡ. ಅವನ ಬಳಿ ಬೇಕಾದಷ್ಟಿದೆ.

ಭಾನುವಾರ ಬಂತೆಂದರೆ ಅಂಗಡಿಯ ಷಟರ್ ಅರ್ಧಕ್ಕೆ ಇಳಿಯುತ್ತಿತ್ತು. ಜೆರಾಕ್ಸ್ ಯಂತ್ರದ ಹಿಂದಿನ ಮೊಳಗಲದ ಜಾಗದಲ್ಲಿ ಮೂವರು ಮಹಾರಥರು ಕೂಡುತ್ತಿದ್ದರು. ಒಬ್ಬನು ಇಂದುಧರ. ಇನ್ನೊಬ್ಬಳು ಪಕ್ಕದ ಲೇಡೀಸ್ ಟೈಲರ್ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುವ, ಸೂಚ್ಯಗ್ರದೃಷ್ಟಿಸಂಪನ್ನೆಯೂ ಮಿತಭಾಷಿಣಿಯೂ ಆದ ತಸ್ಮಿಯಾ. ಮೂರನೆಯವನು ಮೊಬೈಲಿನ ಒಡೆದ ಗಾಜು ಬದಲಾಯಿಸಿಕೊಡುವ ತಿಪ್ಪೇಶ. ಅವನು ಆಡುತ್ತಿರಲಿಲ್ಲ, ಮಂಡಕ್ಕಿ ತಿನ್ನುತ್ತಾ ಎರಡೂ ಕಡೆಯವರಿಗೆ ತಪ್ಪು ಸಲಹೆ ಕೊಡುತ್ತಿದ್ದ.

ಅವರ ಯುದ್ಧ ಕಾರ್ಡುಗಳ ಯುದ್ಧ. ಒಬ್ಬೊಬ್ಬರಿಗೆ ನಲವತ್ತು ಕಾರ್ಡು. ಒಂದೊಂದರ ಮೇಲೂ ಒಂದು ಮೃಗ, ಇಲ್ಲವೇ ಒಂದು ಮಂತ್ರ. ಇಬ್ಬರಿಗೂ ಇಪ್ಪತ್ತಿಪ್ಪತ್ತು ಜೀವ. ಸರದಿಯಂತೆ ಒಂದೊಂದು ಕಾರ್ಡು ಎಳೆದು, ಮೃಗಗಳನ್ನು ಮೇಜಿಗಿಳಿಸಿ, ಎದುರಾಳಿಯ ಜೀವಗಳನ್ನು ತೆಗೆಯಬೇಕು. ಈ ವಿದ್ಯೆಯನ್ನು ತಸ್ಮಿಯಾಗೆ ಕಲಿಸಿದವನು ಇಂದುಧರನೇ. ಮೊದಲ ಎರಡು ವಾರ ಅವನು ಗೆದ್ದ. ಆಮೇಲಿನ ನಲವತ್ತೊಂದು ಭಾನುವಾರ ಅವಳು ಗೆದ್ದಳು.

ಆದರೆ ಲೋಕಕ್ಕೆ ಇದು ತಿಳಿಯಲಿಲ್ಲ, ಏಕೆಂದರೆ ಇಂದುಧರನು ಒಮ್ಮೆಯೂ ಸೋತಿರಲಿಲ್ಲ. ಪ್ರತಿ ಸಲವೂ ಕಾರ್ಡುಗಳನ್ನು ಒಟ್ಟು ಮಾಡುತ್ತಾ, ಪಾಪ ಅಂತ ಬಿಟ್ಟುಕೊಟ್ಟೆ ಎನ್ನುವನು. ಹಸಿವಾಗಿತ್ತು ಎನ್ನುವನು. ಕರೆಂಟು ಹೋಗಿ ಲಕ್ಷ್ಯ ತಪ್ಪಿತು ಎನ್ನುವನು. ಶಿಷ್ಯೆ ಗೆದ್ದರೆ ಗುರುವಿಗಲ್ಲವೇ ಕೀರ್ತಿ ಎಂದು, ಅವಳ ಗೆಲುವಿನ ಮೇಲೂ ತನ್ನ ಹೆಸರಿನ ಸೀಲು ಒತ್ತುವನು. ಸೀರೆಯ ಅಂಚು ಒಂದು ನೂಲು ಸೊಟ್ಟಗಾದರೂ ರಾತ್ರಿ ನಿದ್ದೆ ಬಾರದ ತಸ್ಮಿಯಾ ಇದನ್ನೆಲ್ಲ ಸುಮ್ಮನೆ ಕೇಳಿಸಿಕೊಂಡು ಮನೆಗೆ ಹೋಗುವಳು. ಅವಳಿಗೆ ಬಹುಮಾನ ಬೇಕಿರಲಿಲ್ಲ, ಹೊಗಳಿಕೆ ಬೇಕಿರಲಿಲ್ಲ. ಆ ಬಾಯಿಂದ ಒಂದು ಮಾತು ಬೇಕಿತ್ತು.

ಹೀಗಿರಲು ಆಷಾಢ ಬಂತು. ಆಷಾಢದಲ್ಲಿ ಮದುವೆಗಳಿಲ್ಲ, ದಾವಣಗೆರೆಯ ಕಲ್ಯಾಣಮಂಟಪಗಳು ಬಿಕೋ ಎನ್ನುತ್ತವೆ. ಅಂಥದೊಂದು ಮಂಟಪವನ್ನು ಕೆಲವು ಹುಡುಗರು ಎರಡು ದಿನಕ್ಕೆ ಹಿಡಿದು ಕಾಮಿಕ್ಸ್ ಸಮ್ಮೇಳನ ಮಾಡುತ್ತಿದ್ದಾರೆಂದೂ, ಅಲ್ಲಿ ತೀರ್ಪುಗಾರರ ಸಮ್ಮುಖದಲ್ಲಿ ಕಾರ್ಡುಗಳ ಪಂದ್ಯ ನಡೆಯುವುದೆಂದೂ ತಿಪ್ಪೇಶನು ವಾರ್ತೆ ತಂದನು. ತಸ್ಮಿಯಾ ಕೈಲಿದ್ದ ಕಾರ್ಡುಗಳನ್ನು ಕೆಳಗಿಟ್ಟಳು.

“ಅಲ್ಲಿ ನಾವಿಬ್ರೂ ಆಡಾಣ. ನಾ ಗೆದ್ರೆ ‘ನಾನು ಸೋತೆ’ ಅಂತ ಹೇಳ್ಬೇಕು. ಹಸಿವು, ಕರೆಂಟು, ಶಿಷ್ಯೆ, ಏನೂ ಸೇರ್ಸಂಗಿಲ್ಲ.”

ಇಂದುಧರನು ತಾನು ಗೆದ್ದರೇನು ಎಂದು ಕೇಳಿದನು. ನಲವತ್ತೊಂದು ಸಲವೂ ನೀನೇ ಬಿಟ್ಟುಕೊಟ್ಟಿದ್ದು ಎಂದು ಬಸ್ ನಿಲ್ದಾಣದಲ್ಲಿ ನಿಂತು ಹೇಳುತ್ತೇನೆ ಎಂದಳು. ಆಗ ವೀರನು ಎದ್ದು ನಿಂತನು. ತಲೆಯು ಷಟರಿಗೆ ತಾಕಿತು, ಲೆಕ್ಕಿಸಲಿಲ್ಲ. “ಎಲೌ ಸೂಜಿದಾರಪಾಣಿಯೇ, ನನ್ನ ಬಳಿ ಅಗ್ನಿಗರುಡನಿರುವನೆಂಬುದನ್ನು ಮರೆತೆಯಾ? ಅವನು ರೆಕ್ಕೆ ಬಿಚ್ಚಿದರೆ ನಿನ್ನ ಹತ್ತು ಜೀವಗಳು ಒಂದೇ ಏಟಿಗೆ ಬೂದಿಯಾಗುವವು. ಉಳಿದ ಹತ್ತು ಹೆದರಿಯೇ ಸಾಯುವವು!” ಎಂಬರ್ಥದಲ್ಲಿ ಅವನು ಹೇಳಿದ್ದು ಇಷ್ಟು: “ಆತು ಬಾರೇ, ನೋಡೇ ಬಿಡಾಣ.”

ಅಗ್ನಿಗರುಡನೆಂದರೆ ಅವನ ನಲವತ್ತು ಕಾರ್ಡುಗಳಲ್ಲಿ ಹೊಳೆಯುವಂಥದು ಅದೊಂದೇ. ಬಿಸಿಲಿಗೆ ಹಿಡಿದರೆ ಏಳು ಬಣ್ಣ ಕಾರುವಂಥದು. ದಾವಣಗೆರೆಯ ಧೂಳು, ಬಸ್ಸಿನ ನೂಕುನುಗ್ಗಲು, ಅಂಗೈ ಬೆವರು, ಇವೆಲ್ಲದರಿಂದ ಅದನ್ನು ಕಾಪಾಡುವ ಬಗೆ ಹೇಗೆ? ಪಡಿತರ ಚೀಟಿಯನ್ನೂ ಜಾತಿ ಪ್ರಮಾಣಪತ್ರವನ್ನೂ ಊರವರ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡನ್ನೂ ಅಮರತ್ವಕ್ಕೆ ಕಳಿಸುತ್ತಿದ್ದ ಆ ಕೈಗೆ ಬೇರೆ ದಾರಿ ಹೊಳೆಯುವುದುಂಟೇ? ಶನಿವಾರ ಮಧ್ಯಾಹ್ನ ಅವನು ಯಂತ್ರವನ್ನು ಕಾಯಿಸಿದನು, ಮನಸ್ಸಿನಲ್ಲೇ ಕೈ ಮುಗಿದನು, ಗರುಡನನ್ನು ಲ್ಯಾಮಿನೇಟ್ ಮಾಡಿದನು. ಅಂಚನ್ನು ಪೂರ್ತಿ ಕತ್ತರಿಸಿದರೆ ನೀರು ಇಳಿಯುತ್ತದೆ, ಸುತ್ತಲೂ ಬೆರಳಗಲ ಪ್ಲಾಸ್ಟಿಕ್ ಬಿಡಬೇಕು ಎಂಬುದು ಸೋದರಮಾವನ ಉಪದೇಶ. ಬೆರಳಗಲ ಬಿಟ್ಟನು. ಬಿಸಿಗೆ ಗರುಡನ ಏಳು ಬಣ್ಣದಲ್ಲಿ ನಾಲ್ಕು ಮಂಕಾದವು. ಇನ್ನು ಇದಕ್ಕೆ ಸಾವಿಲ್ಲ ಎಂದು ಅವನು ಸಂತೋಷಪಟ್ಟನು.

ಭಾನುವಾರ ಬೆಳಿಗ್ಗೆ ಮೂವರೂ ಬಸ್ಸೇರಿ ದಾವಣಗೆರೆ ಸೇರಿದರು. ಕಲ್ಯಾಣಮಂಟಪದ ವೈಭವವನ್ನು ಏನೆಂದು ಬಣ್ಣಿಸಲಿ! ವಧೂವರರ ಕೆಂಪು ವೆಲ್ವೆಟ್ ಕುರ್ಚಿಗಳಲ್ಲಿ, ರಟ್ಟಿನ ಕವಚ ತೊಟ್ಟ ಲೋಕರಕ್ಷಕರಿಬ್ಬರು ಬೆವರುತ್ತಾ ಕೂತಿದ್ದರು. ಅವರೊಡನೆ ಫೋಟೋಕ್ಕಾಗಿ ಸಾಲು ಬಾಗಿಲು ದಾಟಿತ್ತು. ಬೆನ್ನಿಗೆ ಥರ್ಮಾಕೋಲಿನ ರೆಕ್ಕೆ ಕಟ್ಟಿಕೊಂಡ ದೇವದೂತನೊಬ್ಬ ಬಾಗಿಲಲ್ಲಿ ಸಿಕ್ಕಿಕೊಂಡು, ಹಿಂದಕ್ಕೆ ಸರಿಯಿರಿ ಎಂದು ಜನರನ್ನು ಬೇಡುತ್ತಿದ್ದ. ತಿಪ್ಪೇಶನು ಇದನ್ನು ಕಂಡೊಡನೆ ಯುದ್ಧವನ್ನು ಮರೆತು ಫೋಟೋದ ಸಾಲು ಸೇರಿದನು.

ಕಾರ್ಡುಗಳ ರಣರಂಗ ಇದ್ದುದು ಕೆಳಗಿನ ಭೋಜನಶಾಲೆಯಲ್ಲಿ. ಉದ್ದುದ್ದ ಊಟದ ಮೇಜುಗಳು. ಮದುವೆಯ ದಿನ ಹಾಸುವಂತೆಯೇ ಮೇಲೆ ಬಿಳಿ ಕಾಗದದ ಸುರುಳಿ. ಮಂಟಪದ ವಾಚ್‌ಮನ್ನಿಗೆ ಕಾಮಿಕ್ಸ್ ಎಂದರೇನೆಂದು ಯಾರೂ ಹೇಳಿರಲಿಲ್ಲ. ಎದುರುಬದುರು ಕೂತ ಐವತ್ತು ಜನರನ್ನು ನೋಡಿ, ಎಲೆ ಯಾಕೆ ಇನ್ನೂ ಹಾಕಿಲ್ಲ ಎಂದು ಅವನು ಎರಡು ಸಲ ಅಡುಗೆಮನೆಗೆ ಹೋಗಿ ಬಂದನು.

ಕೊರಳಿಗೆ ಬಿಲ್ಲೆ ನೇತುಹಾಕಿದ್ದ ತೀರ್ಪುಗಾರನು ಪಂದ್ಯಕ್ಕೆ ಮೊದಲು, ಎದುರಾಳಿಗಳೆಂದು ಜೋಡಿಯಾಗಿ ಹೆಸರು ಬರೆಸಿದ್ದ ಇವರಿಬ್ಬರ ಕಾರ್ಡುಗಳ ತಪಾಸಣೆಗೆ ಬಂದನು. ತಸ್ಮಿಯಾಳ ಕಟ್ಟನ್ನು ನೋಡಿ ತಲೆಯಾಡಿಸಿದನು. ಇಂದುಧರನ ಕಟ್ಟನ್ನು ಕೈಗೆತ್ತಿಕೊಂಡು ನಿಂತೇಬಿಟ್ಟನು. ಮೂವತ್ತೊಂಬತ್ತು ಕಾರ್ಡುಗಳ ನಡುವೆ, ಭತ್ತದ ಗದ್ದೆಯಲ್ಲಿ ನಿಂತ ವಿದ್ಯುತ್ ಕಂಬದಂತೆ, ಅಗ್ನಿಗರುಡನು ನಾಲ್ಕೂ ಕಡೆ ಬೆರಳಗಲ ಹೊರಚಾಚಿದ್ದನು.

ಹಿಂಬದಿಯಿಂದ ನೋಡಿದರೆ ಯಾವ ಕಾರ್ಡೆಂದು ತಿಳಿಯಬಾರದು, ಇದು ಮೊದಲ ನಿಯಮ ಎಂದು ಅವನು ಮೆತ್ತಗೆ ವಿವರಿಸಿದನು. ಇದು ಹಿಂಬದಿಯಿಂದಲ್ಲ, ಬಾಗಿಲಿಂದಲೇ ತಿಳಿಯುತ್ತದೆ. ಕಟ್ಟು ಅನರ್ಹ, ಆಟ ಆಡದೆಯೇ ತಸ್ಮಿಯಾ ಗೆದ್ದಂತೆ, ಅವಳು ಮುಂದಿನ ಸುತ್ತಿಗೆ ಹೋಗಬಹುದು.

ಇಂದುಧರನ ಮುಖದಲ್ಲಿ ಸೂರ್ಯೋದಯವಾಯಿತು. “ಹಂಗಾದ್ರೆ ಆಟನೇ ಆಗಿಲ್ಲ ನೋಡು,” ಎಂದನು. “ಆಗದ ಆಟದಾಗೆ ಸೋಲೋದೆಲ್ಲಿಂದ ಬಂತು?”

ತಸ್ಮಿಯಾ ನೋಡಿದಳು. ಒಂದು ಕಡೆ ಮುಂದಿನ ಸುತ್ತು, ಅದರಾಚೆಯ ಸುತ್ತು, ಕೊನೆಗೊಂದು ಹಿತ್ತಾಳೆಯ ಪದಕ, ವೇದಿಕೆಯ ಮೇಲೆ ಮೈಕಿನಲ್ಲಿ ಅವಳ ಹೆಸರು. ಇನ್ನೊಂದು ಕಡೆ, ಇನ್ನು ಮುಂದಿನ ಎಲ್ಲ ಭಾನುವಾರಗಳೂ ಸಾಲಾಗಿ ಬಂದು, ಲ್ಯಾಮಿನೇಷನ್ ಆಗದಿದ್ದರೆ ಅವತ್ತು ನೋಡಬೇಕಿತ್ತು ಎನ್ನುವುದು ಅವಳ ಕಿವಿಗೆ ಈಗಲೇ ಕೇಳಿಸಿತು. ಆ ಕಾರ್ಡನ್ನು ತೆಗೆದಿಟ್ಟು ಬರಿ ಸ್ನೇಹಕ್ಕೆ ಆಡಬಹುದು ಎಂದು ತೀರ್ಪುಗಾರನು ಸೂಚಿಸಿದನು. ಅದೂ ಆಗದು. ಗರುಡನಿಲ್ಲದೆ ಸೋತವನು ಗರುಡನಿರಲಿಲ್ಲ ಎನ್ನುವನು.

“ಸರ್, ಅದನ್ನ ಇಟ್ಕೊಂಡೇ ಆಡ್ಲಿ,” ಎಂದಳು. “ನಂದೇನೂ ತಕರಾರಿಲ್ಲ.”

ಹಾಗಾದರೆ ಈ ಆಟ ಪಂದ್ಯಕ್ಕೆ ಸೇರುವುದಿಲ್ಲ, ಮುಂದಿನ ಸುತ್ತಿಗೆ ಅವಳ ಹೆಸರೂ ಇರುವುದಿಲ್ಲ ಎಂದು ಅವನು ಎಚ್ಚರಿಸಿದನು. ತಸ್ಮಿಯಾ ಕಾರ್ಡು ಕಲೆಸತೊಡಗಿದಳು. ಅವನು ಅವಳ ಹೆಸರನ್ನು ಪಟ್ಟಿಯಿಂದ ಹೊಡೆದು, ಕುತೂಹಲ ತಾಳದೆ ಅಲ್ಲೇ ನಿಂತನು.

ಮೊಳಗಿತು ರಣಭೇರಿ, ಅಂದರೆ ಮೇಲಿನಿಂದ ಯಾರೋ ಮೈಕನ್ನು ತಟ್ಟಿ ಹಲೋ ಹಲೋ ಎಂದರು. ಇಂದುಧರನು ಮೊದಲು ಮುಳ್ಳುಹಂದಿಯನ್ನು ಕಳಿಸಿದನು. ಅವಳು ಜೇನುಹುಳುಗಳನ್ನು ಕಳಿಸಿದಳು. ಅವನು ಶಿಲಾರಾಕ್ಷಸನನ್ನು ನಿಲ್ಲಿಸಿ, ಕುರ್ಚಿಗೊರಗಿ, ಅಕ್ಕಪಕ್ಕದ ಮೇಜಿನವರಿಗೂ ಕೇಳುವಂತೆ ಅದರ ಗುಣಗಳನ್ನು ವರ್ಣಿಸಿದನು. ಅವಳು ಅದರ ಕಾಲಡಿಗೆ ಒಂದು ಗೆದ್ದಲನ್ನು ಬಿಟ್ಟಳು. ಸುತ್ತು ಸುತ್ತಿಗೂ ಅವನ ಜೀವಗಳು ಇಳಿಯುತ್ತಾ ಬಂದವು. ಹದಿನೇಳು, ಹದಿನಾಲ್ಕು, ಒಂಬತ್ತು. ಅವಳವು ಹದಿಮೂರಕ್ಕೆ ನಿಂತವು. ಇಷ್ಟೆಲ್ಲದರ ನಡುವೆ ಅವನ ಕಟ್ಟಿನಲ್ಲಿ ಹೊರಚಾಚಿದ ಗರುಡನು ಒಂದೊಂದೇ ಎಲೆಯಷ್ಟು ಮೇಲಕ್ಕೆ ಬರುತ್ತಿದ್ದುದನ್ನು ಭೋಜನಶಾಲೆ ಪೂರ್ತಿ ನೋಡುತ್ತಿತ್ತು. ಬರುತ್ತೆ ಬರುತ್ತೆ, ಇನ್ನೆರಡೇ ಎಂದು ಯಾರೋ ಎಣಿಸುತ್ತಿದ್ದರು. ಇಂದುಧರನೊಬ್ಬನೇ, ಯಾರಿಗೂ ತಿಳಿಯದ ಬ್ರಹ್ಮಾಸ್ತ್ರವನ್ನು ಬಚ್ಚಿಟ್ಟವನಂತೆ ಮೀಸೆಯಡಿಯಲ್ಲಿ ನಗುತ್ತಿದ್ದನು.

ಅವನಿಗೆ ಆರು ಜೀವ ಉಳಿದವು. ಗರುಡನ ಮೇಲೆ ಒಂದೂ ಎಲೆ ಉಳಿದಿರಲಿಲ್ಲ.

ಸರದಿ ತಸ್ಮಿಯಾಳದು. ಅವಳ ಮುಂದೆ ಎರಡು ತೋಳಗಳಿದ್ದವು; ಒಂದೊಂದಕ್ಕೆ ಮೂರು ಜೀವ ಕಚ್ಚುವ ಶಕ್ತಿ. ಕಳಿಸಿದರೆ ಆಟ ಮುಗಿಯುತ್ತಿತ್ತು. ಅವಳು ತೋಳಗಳನ್ನು ನೋಡಿದಳು, ಅವನ ಕಟ್ಟನ್ನು ನೋಡಿದಳು, ಸರದಿಯನ್ನು ಸುಮ್ಮನೆ ದಾಟಿಸಿದಳು. ತೀರ್ಪುಗಾರನ ಹುಬ್ಬು ಮೇಲೇರಿತು. ನಲವತ್ತೊಂದು ವಾರದಲ್ಲಿ ಯಾರಾದರೂ ಯಾರಿಗಾದರೂ ಬಿಟ್ಟುಕೊಟ್ಟಿದ್ದರೆ ಅದು ಈ ಒಂದು ಸರದಿ, ಮತ್ತು ಕೊಟ್ಟವಳು ಅದನ್ನು ಯಾರಿಗೂ ಹೇಳಲಿಲ್ಲ.

ಆಗ ಇಂದುಧರನು, ದಿಕ್ಪಾಲಕರು ಕಿವಿ ಮುಚ್ಚಿಕೊಳ್ಳುವಂತೆ ಗಂಟಲು ಸರಿಪಡಿಸಿಕೊಂಡು, ಪ್ಲಾಸ್ಟಿಕ್‌ವಜ್ರಕವಚಧಾರಿಯೂ ಮಂಕುಸಪ್ತವರ್ಣಶೋಭಿತನೂ ಆದ ಅಗ್ನಿಗರುಡನನ್ನು ಎತ್ತಿ ಮೇಜಿನ ಮೇಲೆ ಅಪ್ಪಳಿಸಿದನು. ಅದು ನಯವಾದ ಕಾಗದದ ಮೇಲೆ ಜಾರಿತು; ಜಾರುತ್ತಾ ತೋಳಗಳನ್ನು ದಾಟಿತು, ತಸ್ಮಿಯಾಳ ಮೊಣಕೈಯನ್ನು ದಾಟಿತು, ಮೇಜಿನಾಚೆ ನೆಲಕ್ಕೆ ಹಾರಿತು. ವೀರನು ಮೊಣಕಾಲೂರಿ, ಪರಕೀಯರ ಚಪ್ಪಲಿಗಳ ಅರಣ್ಯವನ್ನು ಹೊಕ್ಕು, ತನ್ನ ಅಸ್ತ್ರವನ್ನು ಅರಸಿ ತಂದನು. ಅಂಟಿದ ಧೂಳನ್ನು ಪ್ಯಾಂಟಿಗೆ ಒರೆಸಿದನು. ಒರೆಸಿದರೆ ಹೋಗುತ್ತದೆ, ಅದೇ ಲ್ಯಾಮಿನೇಷನ್ನಿನ ಗುಣ ಎಂದು ಎಲ್ಲರಿಗೂ ತಿಳಿಸಿದನು.

ಗರುಡನು ಎರಗಿದನು. ತಸ್ಮಿಯಾಳ ಹದಿಮೂರು ಜೀವಗಳು ಮೂರಾದವು. ಭೋಜನಶಾಲೆಯಲ್ಲಿ ಹಾಹಾಕಾರವೆದ್ದಿತು, ಊಟ ಬಂತೇನೋ ಎಂದು ವಾಚ್‌ಮನ್ನನೂ ಓಡಿ ಬಂದನು.

ಅವಳು ತನ್ನ ಕೈಯಲ್ಲಿ ಆಗಿನಿಂದ ಹಿಡಿದಿದ್ದ ಒಂದು ಕಾರ್ಡನ್ನು ಮೆಲ್ಲಗೆ ಕೆಳಗಿಟ್ಟಳು. ಅದರ ಮೇಲೆ ಇದ್ದದ್ದು ಒಂದು ಕೆಸರುಗಪ್ಪೆ. ಅಂಥವು ಒಂದೊಂದು ಪೊಟ್ಟಣದಲ್ಲಿ ನಾಲ್ಕು ಸಿಗುತ್ತವೆ, ಮಕ್ಕಳು ಎಸೆದುಬಿಡುತ್ತಾರೆ. ಎದುರಾಳಿಯ ಅತಿ ದೊಡ್ಡ ಮೃಗವನ್ನು ಒಂದು ಸರದಿ ಕೆಸರಿನಲ್ಲಿ ಹೂಳುವುದು, ಅಷ್ಟೇ ಅದರ ಕೆಲಸ. ಗರುಡನು ಹೂತುಹೋದನು. ತೋಳಗಳೆರಡೂ ಹೊರಟವು. ಮೂರು, ಮತ್ತೆ ಮೂರು.

ಇಂದುಧರನಿಗೆ ಒಂದೂ ಜೀವ ಉಳಿಯಲಿಲ್ಲ.

ತೀರ್ಪುಗಾರನನ್ನು ಬೇರೆ ಮೇಜಿನವರು ಕರೆದರು, ಅವನು ಹೋದನು. ನೋಡುತ್ತಿದ್ದವರು ಚದುರಿದರು. ಮೇಜಿನ ಎರಡು ಬದಿಯಲ್ಲಿ ಇಬ್ಬರೇ ಉಳಿದರು. ಇಂದುಧರನು ಬಾಯಿ ತೆರೆದು, ಕಾರ್ಡು ಜಾರಿತಲ್ಲ ಎಂದು ಶುರುಮಾಡಿದನು. ತಸ್ಮಿಯಾ ಕಾಯುತ್ತಾ ಕೂತಳು. ಅವಳ ಬೆರಳುಗಳು ಮೇಜಿನ ಕಾಗದದ ಅಂಚನ್ನು ಮಡಚಿ ಮಡಚಿ ಫಾಲಿನಷ್ಟು ಅಗಲಕ್ಕೆ ತಂದಿದ್ದವು.

“ನಾನು ಸೋತೆ,” ಎಂದನು ಇಂದುಧರ.

ಆಕಾಶ ಬಿರಿಯಲಿಲ್ಲ. ಮೇಲೆ ಮೈಕಿನಲ್ಲಿ ಯಾರದೋ ಸ್ಕೂಟರಿನ ನಂಬರು ಕೂಗಿ, ದಾರಿಗೆ ಅಡ್ಡ ನಿಲ್ಲಿಸಿದ್ದೀರಿ, ತೆಗೆಯಿರಿ ಎಂದರು. ತಸ್ಮಿಯಾ “ಹೂಂ” ಎಂದು ಕಾರ್ಡುಗಳನ್ನು ಒಟ್ಟು ಮಾಡಿದಳು. ಪಣದಲ್ಲಿ ಇದ್ದ ಮಾತು ಪಣದಂತೆ ಬಂದಿತ್ತು. ಸಾಲ ತೀರಿಸಿದಂತೆ ಬಂದಿತ್ತು. ಅದು ಇಷ್ಟೇ ಇರುತ್ತದೆಂದು ಅವಳು ಎಣಿಸಿರಲಿಲ್ಲ.

ಅಷ್ಟರಲ್ಲಿ ತಿಪ್ಪೇಶ ಮಿರ್ಚಿ ಬಜ್ಜಿಯ ಪೊಟ್ಟಣ ಹಿಡಿದು ಮೆಟ್ಟಿಲಿಳಿದು ಬಂದ. ಬಂದವನೇ, ಏನಾತು, ಯಾರು ಗೆದ್ದರು ಎಂದು ಕೇಳಿದ.

ಪಣ ಮುಗಿದಿತ್ತು. ಈಗ ಏನು ಹೇಳಿದರೂ ಕೇಳುವವರಿಲ್ಲ. ಹಸಿವು, ಕರೆಂಟು, ಜಾರಿದ ಕಾರ್ಡು, ಶಿಷ್ಯೆಯ ಕೀರ್ತಿ, ಎಲ್ಲವೂ ದಾವಣಗೆರೆ ಬಸ್ಸಿನ ಬಾಗಿಲಿಗೆ ಮುಗಿಬಿದ್ದ ಜನರಂತೆ ವೀರನ ನಾಲಿಗೆಯ ತುದಿಗೆ ಬಂದು ನಿಂತವು. ತಸ್ಮಿಯಾ ಚೀಲದ ಜಿಪ್ಪನ್ನು ಅರ್ಧಕ್ಕೆ ಎಳೆದು ನಿಲ್ಲಿಸಿದಳು.

“ಇವ್ಳೇ,” ಎಂದ ಇಂದುಧರ. “ಗರುಡ ಬಂದಿದ್ದ. ಆದ್ರೂ ಇವ್ಳೇ.”

ತಸ್ಮಿಯಾ ಜಿಪ್ಪನ್ನು ಪೂರ್ತಿ ಎಳೆದಳು. ಮುಖ ತಗ್ಗಿಸಿ, ಇಲ್ಲದ ದಾರವೊಂದನ್ನು ಚೀಲದಿಂದ ಕೀಳುತ್ತಾ, ನಗು ಬಾರದಂತೆ ತುಟಿ ಕಚ್ಚಿಕೊಂಡಳು.

“ಅದು ನಂಗೆ ಹೋದ ವರ್ಷದಿಂದ ಗೊತ್ತೈತಿ ಬಿಡಲೇ,” ಎಂದ ತಿಪ್ಪೇಶ. “ನಡೀರಿ, ಮಿರ್ಚಿ ಬಿಸಿ ಇರೋದ್ರಾಗೆ ತಿನ್ನಾಣ.”