ಖಾಲೀನ ಹೊಂಟೀರಲ್ಲ

ಯಮನಪ್ಪನವರ ಗಾಡಿಯ ಹಿಂಭಾಗ ಅಷ್ಟು ದೊಡ್ಡದಿರದಿದ್ದರೆ ಅವತ್ತು ಯಾವ ಅನಾಹುತವೂ ಆಗುತ್ತಿರಲಿಲ್ಲ. ಅದು ಹಳೇ ಕಾಲದ ಎಸ್ಟೇಟ್ ಕಾರು. ಮುಂದಿನಿಂದ ನೋಡಿದರೆ ಎಲ್ಲ ಹಳೇ ಕಾರುಗಳ ಹಾಗೆ ದುಂಡು ಮೂತಿ, ಗುಂಡು ದೀಪ. ಆದರೆ ಬೇರೆ ಕಾರುಗಳು ಎಲ್ಲಿ ಇಳಿಜಾರಾಗಿ ಮುಗಿಯುತ್ತವೋ ಅಲ್ಲಿ ಇದು ಮುಗಿಯುವುದೇ ಇಲ್ಲ. ಛಾವಣಿ ನೇರ ಹಿಂದಕ್ಕೆ ಹೋಗುತ್ತದೆ, ಸುತ್ತಲೂ ಗಾಜಿನ ಕಿಟಕಿ, ತುದಿಯಲ್ಲಿ ಒಂದು ಮೇಲಕ್ಕೆ ಒಂದು ಕೆಳಕ್ಕೆ ತೆರೆಯುವ ಎರಡು ಬಾಗಿಲು. ಕಾರಿನ ಬೆನ್ನಿಗೆ ಯಾರೋ ಒಂದು ಕೋಣೆ ಕಟ್ಟಿಕೊಟ್ಟ ಹಾಗೆ. ಬಣ್ಣ ಬಿಳಿ. ಹುಬ್ಬಳ್ಳಿಯ ಗೋಪನಕೊಪ್ಪದ ಆ ಓಣಿಯಲ್ಲಿ ಅದು ಬೇವಿನ ಮರದ ಕೆಳಗೆ ನಿಂತಿರುತ್ತಿತ್ತು, ಓಣಿಯವರು ಅದರ ಮೇಲೆ ಅರಿವೆ ಒಣಹಾಕುತ್ತಿದ್ದರು.

ಕೊಂಡಾಗ ಎಲ್ಲರೂ ನಕ್ಕಿದ್ದರು. ತಹಶೀಲ್ದಾರ ಕಚೇರಿಯಲ್ಲಿ ಮೂವತ್ತು ವರ್ಷ ಫೈಲು ಹೊತ್ತ ಮನುಷ್ಯ ನಿವೃತ್ತನಾದ ಮೇಲೆ ಹೋಗಿ ಹೋಗಿ ಇಂಥ ಮುದಿ ಗಾಡಿ ತಂದನಲ್ಲ ಎಂದು. ಯಮನಪ್ಪನವರು ತಂದದ್ದು ಹೆಂಡತಿಗಾಗಿ. ಮುತ್ತವ್ವನ ಬೆನ್ನುಹುರಿ ಕೆಟ್ಟು ಕೂತುಕೊಳ್ಳಲು ಆಗುತ್ತಿರಲಿಲ್ಲ, ಆಸ್ಪತ್ರೆಗೆ ಮಲಗಿಸಿಕೊಂಡೇ ಒಯ್ಯಬೇಕಿತ್ತು, ಆಂಬುಲೆನ್ಸ್ ಅಂದರೆ ಆಕೆಗೆ ಎದೆ ನಡುಕ. ಈ ಗಾಡಿಯ ಹಿಂದಿನ ಸೀಟು ಮಡಚಿದರೆ ಮಂಚದಷ್ಟು ಜಾಗ. ಮುತ್ತವ್ವ ಅಲ್ಲಿ ಅಂಗಾತ ಮಲಗಿ, ಕಿಟಕಿಯಲ್ಲಿ ಹಾಯುವ ಮರದ ತುದಿ, ಕರೆಂಟಿನ ತಂತಿ ನೋಡಿಯೇ ಜಾಗದ ಗುರುತು ಹಿಡಿಯುತ್ತಿದ್ದಳು. "ಉಣಕಲ್ ಬಂತ ನೋಡ್ರಿ, ಗಾಳಿ ತಣ್ಣಗಾತು" ಎನ್ನುತ್ತಿದ್ದಳು. ಕೆರೆ ದಂಡೆಯಲ್ಲಿ ಗಾಡಿ ನಿಲ್ಲಿಸಿ ಮೇಲಿನ ಬಾಗಿಲನ್ನು ಕೊಡೆಯ ಹಾಗೆ ಎತ್ತಿ, ಕೆಳಗಿನದರ ಮೇಲೆ ಯಮನಪ್ಪನವರು ಕೂತು, ಇಬ್ಬರೂ ಚುರುಮುರಿ ಕಲಸಿದ ಗಿರಮಿಟ್ ತಿನ್ನುತ್ತಿದ್ದರು. ಮದುವೆಯಾದ ಹೊಸತರಲ್ಲೂ ತಮಗೆ ಅಷ್ಟು ಸುಖವಿರಲಿಲ್ಲ ಎಂಬುದು ಅವರಿಗೆ ಖಾತ್ರಿಯಿತ್ತು.

ಕರೋನಾದ ಎರಡನೇ ವರ್ಷ ಆಸ್ಪತ್ರೆಯ ಒಳಗೆ ಹೋದ ಮುತ್ತವ್ವ ಹೊರಗೆ ಬರಲಿಲ್ಲ. ಯಮನಪ್ಪನವರು ಸೀಟು ಮಡಚಿ, ಹಾಸಿಗೆ ಹಾಸಿ, ಗೇಟಿನೆದುರು ಗಾಡಿ ಹಚ್ಚಿಕೊಂಡು ಕಾದರು. ಪ್ಲಾಸ್ಟಿಕ್ ಅಂಗಿ ತೊಟ್ಟ ನಾಲ್ವರು ಆಕೆಯನ್ನು ಬೇರೆ ವ್ಯಾನಿನಲ್ಲಿ ಒಯ್ದರು. ಮೆರವಣಿಗೆಯಿಲ್ಲ, ಹೂವಿಲ್ಲ, ಹೆಗಲು ಕೊಡುವವರಿಲ್ಲ. ಖಾಲಿ ಗಾಡಿಯಲ್ಲಿ ಬೆನ್ನುಹತ್ತಿ ಹೋದ ಗಂಡನನ್ನು ಸ್ಮಶಾನದ ಹೊರಗೇ ನಿಲ್ಲಿಸಿದರು.

ಅಂದಿನಿಂದ ಐದು ವರ್ಷ ಆ ಗಾಡಿ ಕಣ್ಣಿಗೆ ಬಿದ್ದರೆ ಸಾಕು, ಯಮನಪ್ಪನವರಿಗೆ ಆ ಸ್ಮಶಾನದ ಗೇಟು ನೆನಪಾಗುತ್ತಿತ್ತು. ಮಾರಿಬಿಡೋಣವೆಂದರೆ ಕೇಳಿಕೊಂಡು ಬಂದ ಇಬ್ಬರೂ ಶವವಾಹನ ಮಾಡುವವರು. "ಹೆಣಾ ಒಯ್ಯಾಕ ಇದನ್ನ ಕೊಡೂದಿಲ್ಲ" ಎಂದು ಇಬ್ಬರನ್ನೂ ಅಟ್ಟಿದರು. ತನ್ನವಳನ್ನು ಒಯ್ಯಗೊಡದ ಗಾಡಿಯಲ್ಲಿ ಊರವರ ಹೆಣ ಯಾಕೆ ಹೋಗಬೇಕು ಎಂಬುದು ಅವರ ಹಟ. ಗರಗದ ಶಾಲೆಯಲ್ಲಿ ಟೀಚರಾಗಿದ್ದ ಮಗಳು ನೀಲಾ, "ಅಪ್ಪಾ, ಅದರ ಮುಖಾ ನೋಡಕೋಂತ ಕೂತರ ನೀವೂ ತುಕ್ಕು ಹಿಡೀತೀರಿ" ಎಂದು ಗದರಿ, ಹಿಂದಿನ ಗಾಜಿಗೆ 'ಮಾರಾಟಕ್ಕಿದೆ' ಎಂಬ ಚೀಟಿ ಹಚ್ಚಿ, ಅದರ ಕೆಳಗೆ ಅಪ್ಪನ ಮೊಬೈಲ್ ನಂಬರನ್ನು ದಪ್ಪಗೆ ಬರೆದು ಹೋದಳು.

ಕೊನೆಗೆ ಧಾರವಾಡದ ಕೆಲಗೇರಿಯಿಂದ ವಿನೀತ ಎಂಬ ತರುಣ ಫೋನು ಮಾಡಿದ. "ನಾ ಯಾತ್ರಾ ಸರ್ವಿಸ್ ಚಾಲೂ ಮಾಡಾಕತ್ತೇನ್ರಿ ಕಾಕಾ. ನಿಮ್ಮ ಗಾಡಿ ದಿನಾ ಓಡತೈತಿ" ಎಂದ. ಯಾತ್ರೆ ಎಂದರೆ ತಿರುಗಾಡುವ ಜನ, ನಗುವ ಜನ, ದಾರಿಯಲ್ಲಿ ಬುತ್ತಿ ಬಿಚ್ಚುವ ಜನ. ಯಮನಪ್ಪನವರ ಎದೆ ಹಗುರವಾಯಿತು. ಶನಿವಾರ ಮುಂಜಾನೆ ತಾವೇ ತಂದು ಒಪ್ಪಿಸುವುದಾಗಿ ಹೇಳಿದರು. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಧಾರವಾಡಕ್ಕೆ ಹೊರಟಿದ್ದೇನೆಂದು ಓಣಿಯಲ್ಲಿ ಬಾಯಿಬಿಟ್ಟರು.

ಮೊದಲು ಬಂದವರು ಚುರುಮುರಿ, ಅಂದರೆ ಮಂಡಕ್ಕಿ, ಹುರಿಯುವ ಭಟ್ಟಿಯ ಶಹಜಹಾನಬೇಗಂ. ಹಿಂದೆ ಆಳೆತ್ತರದ ಒಂದು ಚೀಲವೂ ಬಂತು.

"ಖಾಲೀನ ಹೊಂಟೀರಲ್ಲ ಯಮನಪ್ಪಣ್ಣ. ಧಾರವಾಡದಾಗ ನಮ್ಮ ಶಾಯಿಸ್ತಾಳ ಅಂಗಡಿಗೆ ಇದೊಂದ ಮುಟ್ಟಿಸಿಬಿಡ್ರಿ."

"ಗಾಡಿ ಮಾರಾಕ ಹೊಂಟೇನವ್ವಾ."

"ಮಾರೂಕಿಂತ ಮೊದಲ ಇಳಿಸಿದ್ರಾತಲ್ಲ. ಮಗಳಿಗೆ ಕೊಡೂದೈತಿ, ಚುರುಮುರಿಗೇನ ವಜ್ಜಾ ಇರತೈತಿ?"

ಚೀಲ ಇನ್ನೂ ಒಳಗೆ ಹೋಗಿರಲಿಲ್ಲ, ಎದುರು ಮನೆಯ ಮೃಣಾಲಿನಿಬಾಯಿ ತಮ್ಮ ಗಾದಿಯನ್ನು ಹೊರಗೆ ತಂದರು. ಹತ್ತಿ ಗಂಟುಗಟ್ಟಿದೆ, ಧಾರವಾಡದ ಪಿಂಜಾರನಿಗೆ ಕೊಟ್ಟರೆ ಬಡಿದು ಸರಿ ಮಾಡುತ್ತಾನೆ, ಇಲ್ಲಿಯವರಿಗೆ ಆ ಕೈ ಇಲ್ಲ. ಧೂಳು ಹತ್ತಬಾರದೆಂದು ಗಾದಿಯನ್ನು ಉದ್ದಕ್ಕೆ ಸುತ್ತಿ, ಬಿಳೀ ಚಾದರ ಹೊದಿಸಿ, ಮೂರು ಕಡೆ ಹಗ್ಗ ಬಿಗಿದಿದ್ದರು. "ಹಿಂದ ಹ್ಯಾಂಗೂ ಖಾಲೀನ ಅದಲ್ಲ" ಎಂದರು. ಯಮನಪ್ಪನವರು ಬೇಡ ಎನ್ನುವ ಮೊದಲೇ ಅದು ಒಳಗೆ ಅಂಗಾತ ಮಲಗಿತ್ತು.

ಮೂರನೆಯವರು ಕಾಲೇಜಿನ ಲೆಕ್ಚರರ್ ಶಶಿಕುಮಾರ. ಬಿಳೀ ಜುಬ್ಬಾ, ಬಿಳೀ ಪಾಯಿಜಾಮ, ಕೈಯಲ್ಲಿ ಚೆಂಡುಹೂವಿನ ಆರು ದಪ್ಪ ಮಾಲೆ. ಧಾರವಾಡದಲ್ಲಿ ಅವರ ಪ್ರಿನ್ಸಿಪಾಲರಿಗೆ ಸನ್ಮಾನವಿತ್ತು. ಮಾಲೆ ನಲುಗಬಾರದೆಂದು ಹಿಂದಿನ ಗಾಜಿನ ಮೇಲಿನ ಕೊಕ್ಕೆಗಳಿಗೆ ತೂಗುಹಾಕಿದರು. 'ಮಾರಾಟಕ್ಕಿದೆ' ಎಂಬುದು ಹೂವಿನಲ್ಲಿ ಮುಚ್ಚಿಹೋಯಿತು, ನಂಬರು ಮಾತ್ರ ಕೆಳಗೆ ಕಾಣುತ್ತಿತ್ತು. ಆಮೇಲೆ ಅವರು ಮುಂದೆ ಬಂದು ಕೂತು, ಮೂಗು ಮುಚ್ಚಿಕೊಂಡರು.

"ಪೆಟ್ರೋಲ್ ವಾಸನಿ ಭಾಳ ಅದ್ರಿ ಕಾಕಾ. ನನಗ ಹೊಟ್ಟಿ ತೊಳಸತದ. ಒಂದೆರಡ ಊದಿನಕಡ್ಡಿ ಹಚ್ಚಿದ್ರ ನಡೀತದಲ್ಲ?"

ಹಚ್ಚಿ ಡ್ಯಾಶ್‌ಬೋರ್ಡಿನ ಸಂದಿಗೆ ಸಿಕ್ಕಿಸಿದರು. ಗಾಡಿ ಹೊರಟಿತು.

ಹಳೇ ಎಂಜಿನ್ನು, ಇಪ್ಪತ್ತರ ಮೇಲೆ ಹೋದರೆ ಕುದಿಯುತ್ತದೆ. ಆದ್ದರಿಂದ ಅದು ಯಾವತ್ತೂ ಗಂಭೀರವಾಗಿಯೇ ಹೋಗುತ್ತದೆ. ಮೇಲಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಅದರ ಕೊಂಡಿ ಚುರುಮುರಿ ಚೀಲಕ್ಕೆ ಚುಚ್ಚಿ ತೂತು ಮಾಡಿದ್ದು ಯಾರಿಗೂ ಗೊತ್ತಾಗಲಿಲ್ಲ. ಉಣಕಲ್ ದಾಟುವ ಹೊತ್ತಿಗೆ ತಗ್ಗು ಬಂದಾಗೊಮ್ಮೆ ಒಂದೊಂದು ಹಿಡಿ ಚುರುಮುರಿ ಹಾರಿ ರಸ್ತೆಗೆ ಬೀಳತೊಡಗಿತ್ತು.

ಒಳಗೆ ಬಿಳೀ ಬಟ್ಟೆ ಸುತ್ತಿ ಹಗ್ಗ ಬಿಗಿದದ್ದೊಂದು ಮಲಗಿದೆ. ಹಿಂದೆ ಹೂಮಾಲೆ, ಮುಂದೆ ಊದಿನಕಡ್ಡಿಯ ಹೊಗೆ, ಬಿಳಿಯುಟ್ಟು ಕರವಸ್ತ್ರದಲ್ಲಿ ಮೂಗು ಮುಚ್ಚಿ ಕೂತ ಮನುಷ್ಯ. ದಾರಿಯುದ್ದಕ್ಕೂ ಚುರುಮುರಿ ತೂರಿಕೊಂಡು ಸಾವಕಾಶ ಹೋಗುವ ಇಂಥ ಗಾಡಿ ಏನೆಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಬೈಕಿನವರು ಹಾರ್ನ್ ಹೊಡೆಯದೆ ಹಿಂದೆಯೇ ಉಳಿದರು. ಬಸ್‌ಸ್ಟಾಪಿನಲ್ಲಿ ಕೂತವರು ಎದ್ದು ಕೈ ಮುಗಿದರು. ನವನಗರದಲ್ಲಿ ಪೊಲೀಸನೊಬ್ಬ ಅಡ್ಡ ಬರುವ ಗಾಡಿಗಳನ್ನು ತಡೆದು, ಟೋಪಿ ತೆಗೆದು ನಿಂತ.

"ನಿಮಗ ಇಷ್ಟ ಮಂದಿ ಗುರುತಿನವರು ಅದಾರೇನ್ರಿ ಕಾಕಾ?" ಎಂದು ಶಶಿಕುಮಾರ ಕೇಳಿದರು.

"ಕಚೇರ್ಯಾಗ ಭಾಳ ಮಂದಿ ಕೆಲಸಾ ಮಾಡಿಕೊಟ್ಟೇನಿ" ಎಂದು ಯಮನಪ್ಪನವರು ಸಂಕೋಚದಿಂದ ತಾವೂ ಕೈ ಮುಗಿಯುತ್ತ ಹೋದರು.

ಸತ್ತೂರು ಬರುವಷ್ಟರಲ್ಲಿ ಎಂಜಿನ್ನು ಕುದಿಯಿತು. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದರು. ಬೆನ್ನಿಗೆ ಬಂದ ಹದಿನೈದಿಪ್ಪತ್ತು ಬೈಕುಗಳೂ ನಿಂತವು. ಖಾಜಾಸಾಬ ಎಂಬ ಹಣ್ಣಿನ ವ್ಯಾಪಾರಿ ಯಾರೂ ಹೇಳದೆಯೇ ಕೊಡ ತುಂಬಿ ನೀರು ತಂದ. ದೊಡ್ಡ ವಯಸ್ಸಿನ ಒಬ್ಬಾಕೆ ಮುಂದೆ ಬಂದು ಮೆಲ್ಲಗೆ ಕೇಳಿದಳು.

"ಯಾರ್ರಿ ಯಪ್ಪಾ, ಒಳಗಿರೂದು?"

ಯಮನಪ್ಪನವರು ತಿರುಗಿ ನೋಡಿದರು. ಆಗ ಅವರಿಗೆ ಎಲ್ಲ ಒಮ್ಮೆಗೇ ಅರ್ಥವಾಯಿತು. ಹೂವು, ಹೊಗೆ, ರಸ್ತೆಗುಂಟ ಬಿದ್ದ ಬಿಳೀ ಚುರುಮುರಿ, ತಲೆಬಾಗಿ ನಿಂತ ಇಷ್ಟೊಂದು ಜನ. ಶಶಿಕುಮಾರರಿಗೂ ಅರ್ಥವಾಗಿ ಅವರು ಗಾಬರಿಯಿಂದ, "ಹಂಗಲ್ರಿ, ಇದು ಗಾ..." ಎನ್ನಹೊರಟಿದ್ದರು.

"ನನ್ನ ಹೆಂಡ್ತಿರಿ" ಎಂದರು ಯಮನಪ್ಪನವರು. "ಮುತ್ತವ್ವ ಅಂತ."

ಹೇಳಿದ್ದೇ ತಡ, ಐದು ವರ್ಷ ಬಾರದಿದ್ದ ಅಳು ಬಂತು. ರಸ್ತೆ ಬದಿಯಲ್ಲಿ, ಅರವತ್ತೆಂಟರ ವಯಸ್ಸಿನಲ್ಲಿ, ಬಾನೆಟ್ ಹಿಡಿದುಕೊಂಡು ಅತ್ತರು. ಮುದುಕಿ ಒಂದು ಚೆಂಡುಹೂ ಹರಿದುಕೊಂಡು ಆ ಬಿಳೀ ಚಾದರದ ಮೇಲಿಟ್ಟಳು. ಹಿಂದಿನವರು ಒಬ್ಬೊಬ್ಬರಾಗಿ ಬಂದು ಕೈ ಮುಗಿದರು. ಶಶಿಕುಮಾರ ಮೂಗಿನ ಕರವಸ್ತ್ರ ತೆಗೆದು ತಾವೂ ಕೈ ಮುಗಿದರು. ಧಾರವಾಡದಲ್ಲಿ ಇಳಿಯುವಾಗಲೂ ಮಾಲೆಗಳನ್ನು ಮುಟ್ಟದೆ, "ಪ್ರಿನ್ಸಿಪಾಲರಿಗೆ ಬ್ಯಾರೆ ತಗೋತೇನ್ರಿ" ಎಂದಷ್ಟೇ ಹೇಳಿ ಹೋದರು.

ಕೈ ಮುಗಿದವರು ಬೆನ್ನಿಗಿರುವಾಗ ಗಾದಿ, ಚೀಲ ಇಳಿಸಲು ಯಮನಪ್ಪನವರಿಗೆ ಧೈರ್ಯವಾಗಲಿಲ್ಲ, ನೇರ ನಡೆದರು. ಕೆಲಗೇರಿ ಮುಟ್ಟಿದಾಗ ಹಿಂದೆ ಉಳಿದವರು ಖಾಜಾಸಾಬ ಮತ್ತು ಇನ್ನು ಮೂವರು. ವಿನೀತನ ಅಂಗಳದಲ್ಲಿ ಹೊಸ ಬೋರ್ಡು ಒಣಗಲು ನಿಂತಿತ್ತು. 'ಅಂತಿಮ ಯಾತ್ರಾ ಸರ್ವಿಸ್' ಎಂದಿತ್ತು ಅದರ ಮೇಲೆ.

ವಿನೀತ ಹೊರಗೆ ಬಂದು ಗಾಡಿ ನೋಡಿದ, ಒಳಗೆ ಮಲಗಿದ್ದನ್ನು ನೋಡಿದ, ಬೆವರು ಒರೆಸಿಕೊಂಡ. "ಕಾಕಾ, ಇನ್ನೂ ಬೋರ್ಡಿನ ಬಣ್ಣಾ ಆರಿಲ್ಲ, ನೀವು ಗಿರಾಕಿನ್ನ ತಂದಬಿಟ್ರ್ಯಾ?"

ಅಷ್ಟರಲ್ಲಿ ಆ ನಾಲ್ವರು ಹೆಗಲು ಕೊಡಲು ಕೈ ಹಾಕಿ ಎತ್ತಿಯೂ ಆಗಿತ್ತು. ಎತ್ತಿದವರು ಹಾಗೇ ನಿಂತರು.

"ಏನ್ರಿ ಇದು, ಹತ್ತಿ ಇದ್ದಂಗ ಐತಿ" ಎಂದ ಖಾಜಾಸಾಬ.

"ಹತ್ತೀನರಿ. ಗಾದಿ ಅದು."

"ಮತ್ತ ನಿಮ್ಮ ಹೆಂಡ್ತಿ?"

"ಹೋಗಿ ಐದು ವರ್ಷಾತು. ಕರೋನಾದಾಗ. ಅವತ್ತ ಈ ಗಾಡ್ಯಾಗ ಹಾಕಗೊಡಲಿಲ್ರಿ."

ಹೊಡೆಯುತ್ತಾರೆ ಎಂದುಕೊಂಡರು ಯಮನಪ್ಪನವರು. ಹೊಡೆದರೆ ತಪ್ಪಿಲ್ಲ ಎಂದೂ ಅನಿಸಿತು. ಖಾಜಾಸಾಬ ಗಾದಿಯನ್ನು ಮೆಲ್ಲಗೆ ಒಳಗಿಟ್ಟು, ಸರಿದ ಚಾದರ ಎಳೆದು ನೆಟ್ಟಗೆ ಮಾಡಿದ. "ನಮ್ಮಣ್ಣನೂ ಆ ವರ್ಷಾನ ಹೋದ್ರಿ. ನಾವೂ ಹೊರಗ ನಿಂತಿದ್ವಿ" ಎಂದು ಹೇಳಿ ಬೈಕ್ ಹತ್ತಿದ.

ವಿನೀತ ಮಾತ್ರ ಗಾಡಿಯನ್ನು ಸುತ್ತು ಹಾಕಿ ಹಾಕಿ ನೋಡುತ್ತಿದ್ದ. "ಇದಕ್ಕಿಂತ ಛಲೋ ಗಾಡಿ ನನಗ ಸಿಗೂದಿಲ್ರಿ. ಕೀ ಕೊಡ್ರಿ."

"ಹೆಣಾ ಒಯ್ಯಾಕ ಇದನ್ನ ಕೊಡೂದಿಲ್ಲ."

"ಹುಬ್ಬಳ್ಳಿಯಿಂದ ಇಲ್ಲಿತನಾ ಮತ್ತೇನ ಮಾಡಿದ್ರಿ ಕಾಕಾ?"

ಯಮನಪ್ಪನವರು ಗಾಡಿ ಹತ್ತಿ ಹೊರಳಿಸಿಕೊಂಡರು. ಪಿಂಜಾರನ ಅಂಗಡಿ ಮುಚ್ಚಿತ್ತು. ಶಾಯಿಸ್ತಾಳ ಅಂಗಡಿಯಲ್ಲಿ ಚೀಲ ಇಳಿಸಿದಾಗ ಅದರಲ್ಲಿ ಒಂದು ಪ್ಲೇಟು ಗಿರಮಿಟ್ಟಿಗಾಗುವಷ್ಟು ಉಳಿದಿತ್ತು. ಆಕೆ ಅವ್ವನಿಗೆ ಫೋನು ಮಾಡಿದಳು. ಆದ್ದರಿಂದ ಇಳಿಹೊತ್ತಿಗೆ ಅವರು ಗೋಪನಕೊಪ್ಪ ತಲುಪಿದಾಗ ಓಣಿಯವರೆಲ್ಲ ಬೇವಿನ ಮರದ ಕೆಳಗೆ ಸೇರಿದ್ದರು. ಶಹಜಹಾನಬೇಗಂ ಚುರುಮುರಿಯ ವಿಷಯ ಎತ್ತಬೇಕೆಂದೇ ನಿಂತಿದ್ದರು, ಯಮನಪ್ಪನವರ ಕೆಂಪು ಕಣ್ಣು ನೋಡಿ ಸುಮ್ಮನಾದರು. ಮೃಣಾಲಿನಿಬಾಯಿ ಸುಮ್ಮನಾಗುವವರಲ್ಲ.

"ಗಾದಿ ಮ್ಯಾಲೆ ಹೂವ ಯಾಕ್ರಿ?"

ಯಮನಪ್ಪನವರು ನಡೆದದ್ದನ್ನು ನಡೆದ ಹಾಗೆ ಹೇಳಿದರು. ಬಾಯಿಯವರು ಎರಡು ಹೆಜ್ಜೆ ಹಿಂದೆ ಸರಿದರು.

"ಊರ ಮಂದಿ ಹೆಣಾ ಅಂತ ಕೈ ಮುಗದ ಗಾದಿ ಮ್ಯಾಲೆ ಇನ್ನ ನಾ ಹ್ಯಾಂಗ ಮಲಗಲಿ? ನೀವ ಇಟಗೋರಿ ಅದನ್ನ."

ಹೀಗೆ, ಮುಂಜಾನೆ ಗಾಡಿ ಕಳೆದುಕೊಂಡು ಬರಲು ಹೋದವರು ಸಂಜೆಗೆ ಗಾಡಿಯ ಜೊತೆ ಒಂದು ಗಾದಿಯನ್ನೂ ಗಂಟುಹಾಕಿಕೊಂಡು ಬಂದರು. ಜನ ಕರಗಿದ ಮೇಲೆ ಯಮನಪ್ಪನವರು ಹಗ್ಗ ಬಿಚ್ಚಿ, ಗಾದಿಯನ್ನು ಮಡಚಿದ ಸೀಟಿನ ಮೇಲೆ ಹಾಸಿದರು. ಅಳತೆ ಹೊಲಿಸಿದ ಹಾಗೆ ಕೂತಿತು. ಅದರ ಮೇಲೆ ಕೈ ಇಟ್ಟುಕೊಂಡು ತುಸು ಹೊತ್ತು ಕೂತರು. ಮುತ್ತವ್ವ ಇಲ್ಲ ಎಂಬುದು ಅವತ್ತು ಮೊದಲ ಸಲ ಪೂರ್ತಿ ನಿಜ ಅನಿಸಿತು, ಆದರೂ ಅವರಿಗೆ ಎದ್ದು ಒಳಗೆ ಹೋಗುವ ಮನಸ್ಸಾಗಲಿಲ್ಲ.

ಫೋನು ಹೊಡೆಯಿತು. ಗುರುತಿಲ್ಲದ ನಂಬರು, ಗುರುತಿಲ್ಲದ ದನಿ.

"ನಾ ರಾಯಾಪುರದಿಂದ ಮಾತಾಡಾಕತ್ತೇನ್ರಿ. ನಿಮ್ಮ ಗಾಡಿ ಹಿಂದ ಈ ನಂಬರ ಇತ್ರಿ. ನಮ್ಮವ್ವ ಮಧ್ಯಾಹ್ನ ತೀರಕೊಂಡ್ಲು. ಮುಂಜಾನೆ ನೀವು ನಮ್ಮ ಮನಿ ಮುಂದ ಹಾದು ಹೋಗುವಾಗ ಆಕೀನೂ ಕಿಟಕ್ಯಾಗಿಂದ ನೋಡಿದ್ಲರಿ. 'ನನ್ನೂ ಹಿಂಗ ಸಾವಕಾಶ ಒಯ್ಯರಿ' ಅಂದ್ಲು."

ಇದು ಹೆಣದ ಗಾಡಿ ಅಲ್ಲ ಎಂದು ಹೇಳಲು ಯಮನಪ್ಪನವರು ಬಾಯಿ ತೆರೆದರು. ಆ ಕಡೆ ಹಿಂದೆ ಯಾರೋ ಹೆಂಗಸರು ಅಳುತ್ತಿದ್ದುದು ಕೇಳಿಸುತ್ತಿತ್ತು.

"ಎತ್ತಾಕ ನಾಲ್ಕ ಮಂದಿ ಅದಾರಲ್ಲ?" ಎಂದು ಕೇಳಿದರು.

"ಅದಾರ್ರಿ. ಮನಿ ತುಂಬ ಮಂದಿ ಅದಾರು."

"ಬರ್ತೇನಿ ತಮ್ಮಾ. ಬರಾಕ ಹೊತ್ತು ಹಿಡೀತೈತಿ. ಈ ಗಾಡಿ ಜೋರ ಓಡೂದಿಲ್ಲ."

"ಅವಸರ ಇಲ್ರಿ" ಎಂದ ಆತ.