ಭಾವಿ ಶಾಸಕರ ಮನೆಯ ಮತ

ನಮ್ಮ ಸೋದರಮಾವ ಇಪ್ಪತ್ತೈದು ವರ್ಷಗಳಿಂದ ಒಂದೇ ಹುದ್ದೆಯಲ್ಲಿದ್ದಾನೆ: ಭಾವಿ ಶಾಸಕ! ಮುಖ್ಯಮಂತ್ರಿಗಳು ಬಂದು ಹೋದರು, ಸರಕಾರಗಳು ಬಿದ್ದವು. ಇವನನ್ನು ಈ ಹುದ್ದೆಯಿಂದ ಇಳಿಸಲು ಯಾರಿಗಾದರೂ ಆಯಿತೇ? ಭಟ್ಕಳದ ಫ್ಲೆಕ್ಸುಗಳನ್ನೇ ನೋಡಿ. ಯುಗಾದಿಗೂ ಕೈಮುಗಿಯುವವನು ಇವನೇ, ರಂಜಾನಿಗೂ ಇವನೇ.

ಮೂರು ಪಕ್ಷ ಬದಲಿಸಿದ, ಟಿಕೆಟ್ ಸಿಗಲಿಲ್ಲ. ಪ್ರತಿ ಸಲ ಪಟ್ಟಿ ಹೊರಬೀಳುವ ದಿನ ತೆಂಗಿನಗುಂಡಿಯ ಮನೆಯ ಜಗಲಿಯಲ್ಲಿ ಫೋನ್ ಹಿಡಿದು ಕೂರುತ್ತಿದ್ದ. ಅದು ಒಮ್ಮೆಯೂ ರಿಂಗಾಗಲಿಲ್ಲ. ನೋಡಿ ನೋಡಿ ನನಗೇ ಹತಾಶೆ ಹಿಡಿಯಿತು, ಅವನಿಗೆ ಹಿಡಿಯಲಿಲ್ಲ.

ಕಳೆದ ಚುನಾವಣೆಗೆ ಇನ್ನೂ ನಾಲ್ಕು ತಿಂಗಳಿರುವಾಗ ಊರ ಹಿರಿಯರೊಬ್ಬರು ತೀರಿಕೊಂಡರು. ಮಾವ ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕಿಸಿದ. ಹೋದವರ ಫೋಟೋ ಅಂಚೆಚೀಟಿಯಷ್ಟು, ಇವನದು ಬಾಗಿಲಿನಷ್ಟು! ಮರುದಿನ ಹಾರ ಹಿಡಿದು ಹತ್ತಾರು ಜನ ಇವನ ಮನೆಗೇ ಬಂದರು. ಅತ್ತೆ ನಾಚಿಕೆಯಿಂದ ಒಳಗೆ ಹೋದಳು. ಮಾವನ ಮುಖ ಅರಳಿತು.

“ಜನಬೆಂಬಲ ಎಷ್ಟುಂಟು ಕಂಡ್ಯಾ ತಮಾ?”

“ಅವರು ಹೆಣ ನೋಡೂಕೆ ಬಂದವರು, ಮಾವಾ.”

“ಬಂದ್ರಾ ಇಲ್ವಾ, ಅದು ಹೇಳು.”

ಅಂದೇ ಪಕ್ಷೇತರನಾಗಿ ನಿಲ್ಲುವುದಾಗಿ ಘೋಷಿಸಿಬಿಟ್ಟ. ಅದೂ ಕುಮಟಾ ಕ್ಷೇತ್ರದಲ್ಲಿ! ಎಂತಕ್ಕೆ ಎಂದರೆ, “ಭಟ್ಕಳದಲ್ಲಿ ಎಲ್ಲರಿಗೂ ನನ್ನ ಗುರ್ತ ಉಂಟು. ಗೆಲ್ಲೂದು ಕಷ್ಟ,” ಅಂದ. ಅವನ ಮತ, ಅತ್ತೆಯ ಮತ, ನನ್ನ ಮತ ಎಲ್ಲ ಭಟ್ಕಳದಲ್ಲಿ. ಕುಮಟಾದಲ್ಲಿ ಅವನಿಗೆ ಅವನೇ ಮತ ಹಾಕುವಂತಿರಲಿಲ್ಲ.

ಮರುವಾರ ಅತ್ತೆ ಚೀಲ ತುಂಬಿಕೊಂಡು ಕುಮಟಾ ಬಳಿಯ ಧಾರೇಶ್ವರದ ತವರಿಗೆ ಹೋದಳು. ಏಕೆಂದು ಹೇಳಲಿಲ್ಲ. ತಿಂಗಳು ಕಳೆದರೂ ಬರಲಿಲ್ಲ. “ಹೆಂಡತಿಯನ್ನೇ ಉಳಿಸಿಕೊಳ್ಳದವ ಕ್ಷೇತ್ರ ಉಳಿಸ್ತಾನಾ?” ಎಂದು ಎದುರಾಳಿಗಳು ಮೈಕಿನಲ್ಲೇ ಕೇಳಿದರು. ಪ್ರಚಾರದ ಜೀಪು ಧಾರೇಶ್ವರ ದಾಟುವಾಗ ಮಾವ ಕೈಮುಗಿಯುವುದನ್ನು ನಿಲ್ಲಿಸಿ ಕೆಳಗೆ ನೋಡುತ್ತಿದ್ದ. ಹೊನ್ನಾವರದ ಹೋಟೆಲಿನಲ್ಲಿ ಒಮ್ಮೆ, “ಸೋತ್ರೆ ಅಡ್ಡಿಲ್ಲ ತಮಾ. ಅವಳು ಬರದೇ ಹೋದ್ರೆ ಎಂತ ಮಾಡೂದು?” ಎಂದು ನನ್ನ ಕೈ ಹಿಡಿದುಕೊಂಡ. ಅವನು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಎಣಿಕೆಯ ದಿನ ಅವನ ಏಜೆಂಟಾಗಿ ಒಳಗೆ ಕೂತೆ. ಸುತ್ತಿನ ಮೇಲೆ ಸುತ್ತು ಮಾವನ ಹೆಸರಿನ ಮುಂದೆ ಸೊನ್ನೆ, ಎರಡು, ಸೊನ್ನೆ. ಅತ್ತೆಯ ತವರಿನ ಮತಗಟ್ಟೆಯಲ್ಲಿ ಒಂದು. ಠೇವಣಿ ಹೋಯಿತು. ಹೊರಗೆ ಬಂದು ಹೇಳಿದೆ. ಮಾವ ಸೋಲಿನ ಅಂತರ ಕೇಳಲಿಲ್ಲ.

“ಧಾರೇಶ್ವರದಲ್ಲಿ ಒಂದಾ?”

“ಹೌದು, ಒಂದೇ.”

“ಅವಳ ಅಣ್ಣಂದಿರು ನಂಗೆ ಹಾಕೂದಿಲ್ಲ,” ಅಂದವನೇ ಜೀಪು ಹತ್ತಿದ.

ನಾವು ಹೋದಾಗ ಅತ್ತೆ ತವರಿನ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಳು. ಊರೂರು ಭಾಷಣ ಮಾಡಿದ ಮನುಷ್ಯ ಅಂಗಳದ ಅಂಚಿನಲ್ಲೇ ನಿಂತು ಅವಳನ್ನೇ ನೋಡಿದ. ನನಗೆ ಅಳುವೇ ಬಂತು.

ಅತ್ತೆ ತಲೆಯೆತ್ತಿ, “ಎಂತ ಕಾಣ್ತ್ರಿ?” ಎಂದಳು. “ಮುಂದಿನ ಸಲ ಎಲ್ಲಿ ನಿಲ್ತ್ರಿ ಅಂತ ಮೊದ್ಲೇ ಹೇಳಿ. ಅಲ್ಲಿಯ ಓಟರ್ ಲಿಸ್ಟಿಗೆ ಹೆಸರು ಹಾಕ್ಸೂಕೆ ನಂಗೂ ಟೈಮು ಬೇಕು.”